ಕಲ್ಲಿನ ಬರಹವನ್ನು ಓದಿದ ಪಂಡಿತ ಭಗವಾನ್‌ಲಾಲ್ ಇಂದ್ರಜಿ

ಮಾನವನು ಎಲ್ಲಿ ನೆಲೆನಿಂತನೋ ಅಲ್ಲಿ ತನಗೊಂದು ಮನೆಯನ್ನೂ, ತನ್ನ ದೇವರಿಗೊಂದು ಗುಡಿಯನ್ನೂ ಕಟ್ಟಿಕೊಂಡನು. ನೈಲ್ ನದಿಯ ದಡದಲ್ಲಿ ಬಾಳಿದ ಈಜಿಪ್ಟಿನವರು ಸೂರ್ಯನನ್ನು ರಾ ಎಂಬ ಹೆಸರಿನಿಂದ ಪೂಜಿಸಿದರು. ಬ್ಯಾಬಿಲೋನಿನ ಜನರು ಮರ್ದುಕನಿಗೆ ಗಗನಚುಂಬಿಯಾದ ಗುಡಿಯನ್ನು ಎತ್ತಿದರು. ಗ್ರೀಕರು ಒಲಿಂಪಸ್ ಪರ್ವತದ ಮೇಲೆ ತಮ್ಮ ದೇವತೆಗಳನ್ನೆಲ್ಲ ಕುಳ್ಳಿರಿಸಿದರು. ಕಾಲಚಕ್ರವು ಉರುಳಿದಂತೆ ರಾಜ್ಯಗಳು ಅಳಿದವು; ಲಿಪಿಗಳು ಮರೆತುಹೋದವು. ಲಿಪಿ ಮರೆತಾಗ ದೇವರ ಹೆಸರೂ ಮರೆತುಹೋಗುವುದು. 1822ರಲ್ಲಿ ಫ್ರಾನ್ಸ್ ದೇಶದ ಶಾಂಪೋಲಿಯನ್ ಎಂಬ ವಿದ್ವಾಂಸನು ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು ಬಿಡಿಸಿದ ಮೇಲೆಯೇ ಆ ನಾಡಿನ ದೇವತೆಗಳು ಮತ್ತೆ ಮಾತನಾಡತೊಡಗಿದರು. ನಮ್ಮ ದೇಶದಲ್ಲಿ ಅಂಥ ಕಾರ್ಯವನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬವರು ಮಾಡಿದರು. ಅಶೋಕನ ಕಾಲದ ಬ್ರಾಹ್ಮೀ ಲಿಪಿಯನ್ನು ಓದಿ ತೋರಿಸಿದವರು ಅವರೇ.

ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ವಾಸಿಸುವ ನಾವು, ನಮ್ಮದು ನಿನ್ನೆ ಮೊನ್ನೆ ಬೆಳೆದ ಊರು ಎಂದೇ ತಿಳಿದಿರುತ್ತೇವೆ. ರೈಲ್ವೆ ನಿಲ್ದಾಣ, ಕಾರ್ಖಾನೆ, ಎತ್ತರದ ಕಟ್ಟಡಗಳು ಇವಿಷ್ಟೇ ನಮ್ಮ ಕಣ್ಣಿಗೆ ಬೀಳುತ್ತವೆ. ಆದರೆ ಹಿಂದಿನ ಥಾಣೆ ಜಿಲ್ಲೆಯ ಬೆಟ್ಟಗಳಲ್ಲಿಯೂ ಕಡಲ ದಂಡೆಯಲ್ಲಿಯೂ ಎರಡು ಸಾವಿರ ವರ್ಷಗಳ ನಂಬಿಕೆಗಳು ಕಲ್ಲಿನಲ್ಲಿ ಉಳಿದಿವೆ. ಅವುಗಳಲ್ಲಿ ಬಹುಭಾಗವನ್ನು ನಮಗಾಗಿ ಓದಿಕೊಟ್ಟ ಮಹನೀಯರು ಪಂಡಿತ ಭಗವಾನ್‌ಲಾಲ್ ಇಂದ್ರಜಿಯವರು. ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದೆ, ತಾಯ್ನುಡಿಯಾದ ಗುಜರಾತಿಯಲ್ಲಿಯೇ ಬರೆದು, ಲೋಕದ ವಿದ್ವಾಂಸರಿಂದ ಮನ್ನಣೆ ಪಡೆದ ಇವರ ಚರಿತ್ರೆಯು ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನಮಗೆ ವಿಶೇಷವಾಗಿ ತಿಳಿದಿರಬೇಕಾದುದು.

ಭಗವಾನ್‌ಲಾಲರು 1839ನೆಯ ಇಸವಿ ನವೆಂಬರ್ 7ರಂದು ಸೌರಾಷ್ಟ್ರದ ಜುನಾಗಢದಲ್ಲಿ ಜನಿಸಿದರು. ಮನೆತನವು ನಾಗರ ಬ್ರಾಹ್ಮಣರದು. ವೈದ್ಯವೃತ್ತಿಯು ವಂಶದಲ್ಲಿ ಬಂದುದು. ಬಾಲ್ಯದಲ್ಲಿ ಅವರಿಗೆ ಸಂಸ್ಕೃತದ ಪಾಠ ದೊರಕಿತು. ಇಂಗ್ಲಿಷ್ ವಿದ್ಯಾಭ್ಯಾಸ ದೊರಕಲಿಲ್ಲ. ಆದರೆ ಅವರಿಗೆ ಬೇರೊಬ್ಬ ಗುರುವಿತ್ತು. ಅದು ಮನುಷ್ಯನಲ್ಲ, ಒಂದು ಬಂಡೆ! ಜುನಾಗಢದಿಂದ ಗಿರ್ನಾರ್ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಒಂದು ಮಹಾಶಿಲೆಯಿದೆ. ಅದರ ಮೈಮೇಲೆ ಅಶೋಕ ಚಕ್ರವರ್ತಿಯ ಹದಿನಾಲ್ಕು ಧರ್ಮಲಿಪಿಗಳಿವೆ; ಕ್ರಿ. ಶ. 150ರ ಸುಮಾರಿನ ರುದ್ರದಾಮನ ಶಾಸನವಿದೆ; ಗುಪ್ತವಂಶದ ಸ್ಕಂದಗುಪ್ತನ ಶಾಸನವೂ ಇದೆ. ಯಾತ್ರಿಕರು ನಿತ್ಯವೂ ಅದರ ಬಳಿಯಲ್ಲಿಯೇ ನಡೆದುಹೋಗುತ್ತಿದ್ದರು. ಯಾರಿಗೂ ಅದು ಓದಲು ಬಾರದು. ಬಾಲಕ ಭಗವಾನ್‌ಲಾಲನಿಗೆ ಮಾತ್ರ ಆ ಅಕ್ಷರಗಳ ಹಂಬಲ ಹತ್ತಿತು. ಪ್ರಿನ್ಸೆಪ್ ಅವರು ಸಿದ್ಧಪಡಿಸಿದ ಲಿಪಿಪಟವು ಹೇಗೋ ಅವನ ಕೈಸೇರಿತು. ಪಟವನ್ನು ಹಿಡಿದು ಬಂಡೆಯ ಮುಂದೆ ಕುಳಿತು ಅವನು ಒಂದೊಂದೇ ಅಕ್ಷರವನ್ನು ಕೂಡಿಸಿ ಓದತೊಡಗಿದನು. ಪಟದಲ್ಲಿ ತಪ್ಪಿದ್ದುದನ್ನೂ ತಾನೇ ತಿದ್ದಿಕೊಂಡನು.

ಈ ತರುಣನ ಸಂಗತಿಯು ಕಿನ್‌ಲಾಕ್ ಫೋರ್ಬ್ಸ್ ಎಂಬ ಅಧಿಕಾರಿಯ ಮೂಲಕ ಮುಂಬಯಿಯ ಡಾಕ್ಟರ್ ಭಾವು ದಾಜಿ ಲಾಡ್ ಅವರಿಗೆ ತಿಳಿಯಿತು. ಭಾವು ದಾಜಿಯವರು ಹೆಸರಾಂತ ವೈದ್ಯರು. ಅಂತೆಯೇ ಪ್ರಾಚೀನ ಇತಿಹಾಸದಲ್ಲಿ ಅಪಾರ ಆಸಕ್ತಿಯುಳ್ಳವರು. ಅವರ ಕರೆಯಂತೆ ಭಗವಾನ್‌ಲಾಲರು 1861ರ ಸುಮಾರಿಗೆ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮುಂಬಯಿಗೆ ಬಂದರು. ಅಂದಿನಿಂದ 1874ರಲ್ಲಿ ಭಾವು ದಾಜಿಯವರು ತೀರಿಕೊಳ್ಳುವವರೆಗೆ ಈ ಗುರುಶಿಷ್ಯರ ಸಂಬಂಧವು ಅಖಂಡವಾಗಿ ನಡೆಯಿತು. ಗುರುಗಳಿಗಾಗಿ ಶಿಷ್ಯರು ಅಜಂತೆ, ಒರಿಸ್ಸಾ, ಮಥುರಾ, ನೇಪಾಳ ಮೊದಲಾದೆಡೆಗಳಲ್ಲಿ ಸಂಚರಿಸಿ ಶಾಸನಗಳ ಪ್ರತಿಗಳನ್ನು ತಂದರು. ಎಲ್ಲೆಡೆಗೂ ರೈಲಿನ ಸೌಕರ್ಯವಿಲ್ಲದ ಕಾಲವದು. ಕಾಡುಮೇಡುಗಳಲ್ಲಿ ನಡೆಯಬೇಕು; ಬಾವಲಿಗಳು ತುಂಬಿದ ಗುಹೆಗಳಲ್ಲಿ ನಿಲ್ಲಬೇಕು; ಸವೆದ ಅಕ್ಷರವು ಬೆಳಗಿನ ಓರೆಬಿಸಿಲಿನಲ್ಲಿ ಕಂಡಂತೆ ನಡುಹಗಲಿನಲ್ಲಿ ಕಾಣದು. ಇದೆಲ್ಲವನ್ನೂ ಸಹಿಸಿಕೊಂಡು ಕಣ್ಣಾರೆ ಕಂಡುದನ್ನು ಮಾತ್ರ ಬರೆಯುವುದು ಅವರ ವ್ರತವಾಗಿದ್ದಿತು. ಒರಿಸ್ಸಾದ ಹಾಥಿಗುಂಫಾ ಶಾಸನದಲ್ಲಿ ಖಾರವೇಲ ಎಂಬ ರಾಜನ ಹೆಸರನ್ನು ಮೊದಲಿಗೆ ಸರಿಯಾಗಿ ಓದಿದ ಕೀರ್ತಿ ಅವರದು. ಜೈನಧರ್ಮದ ಈ ಮಹಾರಾಜನು ಅಲ್ಲಿಯವರೆಗೆ ಇತಿಹಾಸಕ್ಕೆ ಅಪರಿಚಿತನೇ ಆಗಿದ್ದನು.

ಈಗ ನಮ್ಮ ನೆರೆಯ ಸ್ಥಳಗಳಿಗೆ ಬರೋಣ. ಕಲ್ಯಾಣದಿಂದ ಮುರ್ಬಾಡಿನ ಮೂಲಕ ಘಟ್ಟವನ್ನು ಹತ್ತಿ ಜುನ್ನರಕ್ಕೆ ಹೋಗುವ ಹಳೆಯ ದಾರಿಯಲ್ಲಿ ನಾಣೇಘಾಟ್ ಎಂಬ ಕಣಿವೆಯಿದೆ. ಶಾತವಾಹನರ ಕಾಲದಲ್ಲಿ ಕಡಲ ತಡಿಯಿಂದ ಮೇಲಕ್ಕೆ ಸರಕು ಹೊತ್ತು ಹೋಗುವ ವರ್ತಕರಿಗೆ ಇದು ಹೆದ್ದಾರಿಯಾಗಿದ್ದಿತು. ಅಲ್ಲಿಯ ಗುಹೆಯೊಂದರ ಗೋಡೆಯಲ್ಲಿ ರಾಣಿ ನಾಗನಿಕೆಯ ದೀರ್ಘವಾದ ಶಾಸನವಿದೆ. ಇದನ್ನು ಓದಿ ಅರ್ಥಮಾಡಿದವರಲ್ಲಿ ಪಂಡಿತರು ಅಗ್ರಗಣ್ಯರು. ಶಾಸನವು ದೇವತಾವಂದನೆಯಿಂದ ಆರಂಭವಾಗುತ್ತದೆ. ಧರ್ಮ, ಇಂದ್ರ, ಸಂಕರ್ಷಣ, ವಾಸುದೇವ, ಚಂದ್ರ, ಸೂರ್ಯ, ಅನಂತರ ಯಮ, ವರುಣ, ಕುಬೇರ, ವಾಸವರೆಂಬ ನಾಲ್ವರು ಲೋಕಪಾಲರು ಅಲ್ಲಿ ಸ್ಮರಿಸಲ್ಪಟ್ಟಿದ್ದಾರೆ. ಸಂಕರ್ಷಣ ವಾಸುದೇವರೆಂದರೆ ನಾವು ಬಲ್ಲ ಬಲರಾಮ ಕೃಷ್ಣರೇ. ವೇದಕಾಲದ ಇಂದ್ರನೂ ಭಕ್ತಿಯ ದೈವವಾದ ಕೃಷ್ಣನೂ ಒಂದೇ ಸಾಲಿನಲ್ಲಿ ನಿಂತಿರುವುದು ಎಷ್ಟು ಅರ್ಥಪೂರ್ಣವಾಗಿದೆ! ಒಂದು ನಂಬಿಕೆ ಅಳಿದು ಇನ್ನೊಂದು ಹುಟ್ಟುವುದಲ್ಲ. ಹಳೆಯದರ ಮಗ್ಗುಲಲ್ಲಿ ಹೊಸದು ಬಂದು ಕುಳಿತುಕೊಳ್ಳುತ್ತದೆ ಎಂಬುದನ್ನು ಈ ಕಲ್ಲು ನಮಗೆ ಕಲಿಸುತ್ತದೆ.

ಅದೇ ಶಾಸನದಲ್ಲಿ ಅಶ್ವಮೇಧಾದಿ ಯಜ್ಞಗಳ ದಕ್ಷಿಣೆಯಾಗಿ ಕೊಟ್ಟ ಹಸುಗಳ ಮತ್ತು ಕಾರ್ಷಾಪಣವೆಂಬ ನಾಣ್ಯಗಳ ಲೆಕ್ಕವೂ ಇದೆ. ಅಲ್ಲಿಯ ಅಂಕೆಗಳು ಇಂದಿನವುಗಳಂತಲ್ಲ. ಸೊನ್ನೆಯಿಲ್ಲ, ಹತ್ತಕ್ಕೊಂದು, ನೂರಕ್ಕೊಂದು, ಸಾವಿರಕ್ಕೊಂದು ಪ್ರತ್ಯೇಕ ಚಿಹ್ನೆ. ಈ ಅಂಕೆಗಳ ಕ್ರಮವನ್ನು ಬಿಡಿಸಿ ಪಂಡಿತರು 1877ರಲ್ಲಿ ಪ್ರಕಟಿಸಿದ ಲೇಖನವು ವಿದ್ವಾಂಸರನ್ನು ಬೆರಗುಗೊಳಿಸಿತು. ಲೇಖನವನ್ನು ಅವರು ಬರೆದುದು ಗುಜರಾತಿಯಲ್ಲಿ. ಪ್ರೌಢ ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಅವರಿಗಿರಲಿಲ್ಲ. ಜರ್ಮನಿಯ ಮಹಾಪಂಡಿತರಾದ ಬ್ಯೂಲರ್ ಅವರಂಥವರೇ ಮುಂದೆ ಬಂದು ಇವರ ಬರಹಗಳನ್ನು ಇಂಗ್ಲಿಷಿಗೆ ಭಾಷಾಂತರಿಸಿದರು. ತಿಳಿವಳಿಕೆಯಲ್ಲಿ ತಿರುಳಿದ್ದರೆ ಭಾಷೆಯು ಅಡ್ಡಿಯಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಸಾಷ್ಟಿ ದ್ವೀಪದ ಕಾನ್ಹೇರಿ ಗುಹೆಗಳನ್ನು ನಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ನೋಡಿರಬಹುದು. ಒಂದೇ ಬೆಟ್ಟದಲ್ಲಿ ನೂರಕ್ಕೂ ಮಿಕ್ಕಿ ಗುಹೆಗಳನ್ನು ಕೊರೆದು ಬೌದ್ಧ ಭಿಕ್ಷುಗಳು ಅಲ್ಲಿ ನೆಲೆಸಿದ್ದರು. ಗುಹೆಗಳ ಗೋಡೆಯ ಮೇಲಿನ ಬರಹಗಳನ್ನು ಪಂಡಿತರು ಓದಿದಾಗ ಕಂಡುಬಂದವರು ರಾಜಮಹಾರಾಜರಿಗಿಂತ ಹೆಚ್ಚಾಗಿ ಸಾಮಾನ್ಯ ಜನರು. ಕಲ್ಯಾಣದ ಅಕ್ಕಸಾಲಿಗ ಸ್ವಾಮಿದತ್ತನು ನೀರಿನ ತೊಟ್ಟಿಯನ್ನು ದಾನಮಾಡಿದ್ದಾನೆ. ಸೋಪಾರದ ರತ್ನದ ಕುಶಲಕರ್ಮಿ ನಾಗಪಾಲಿತನ ದಾನವೂ ಅಲ್ಲಿದೆ. ಕಲ್ಯಾಣದಲ್ಲಿಯೂ ಅಂಬಾಲಿಕಾ ಎಂಬ ವಿಹಾರವೊಂದಿದ್ದಿತೆಂದು ಅಲ್ಲಿಯ ಒಂದು ಶಾಸನದಿಂದ ತಿಳಿಯುತ್ತದೆ. ಬಾಯಾರಿದ ಭಿಕ್ಷುವಿಗೆ ನೀರೊದಗಿಸುವುದೇ ಪೂಜೆಯೆಂದು ತಿಳಿದ ಆ ಅಕ್ಕಸಾಲಿಗನ ಹೆಸರು ಹದಿನೆಂಟು ಶತಮಾನಗಳ ಮೇಲೂ ಉಳಿದಿದೆ.

ಪಶ್ಚಿಮ ಭಾರತದ ಗುಹಾಶಾಸನಗಳನ್ನು ಪಂಡಿತರು ಬರ್ಜೆಸ್ ಎಂಬವರೊಡನೆ ಸೇರಿ 1881ರಲ್ಲಿ ಒಂದು ಸಂಪುಟವಾಗಿ ಹೊರತಂದರು. ಅದರಲ್ಲಿ ನಮ್ಮ ಬನವಾಸಿಯ ಶಾಸನವೊಂದು ಸೇರಿರುವುದು ಕನ್ನಡಿಗರಿಗೆ ಸಂತೋಷದ ಸಂಗತಿ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿ ಐದು ಹೆಡೆಯ ನಾಗರಕಲ್ಲೊಂದಿದೆ. ಚುಟು ವಂಶದ ರಾಜಕುಮಾರಿಯೊಬ್ಬಳು ನಾಗನನ್ನೂ, ಒಂದು ಕೆರೆಯನ್ನೂ, ಒಂದು ವಿಹಾರವನ್ನೂ ಮಾಡಿಸಿದಳೆಂದು ಅದರ ಮೇಲೆ ಪ್ರಾಕೃತದಲ್ಲಿ ಬರೆದಿದೆ. ಕೆತ್ತಿದವನು ನಟಕನೆಂಬ ಶಿಲ್ಪಿ. ನಾಗರಪಂಚಮಿಯಂದು ನಮ್ಮ ತಾಯಂದಿರು ಹಾಲೆರೆಯುವ ನಾಗರಕಲ್ಲಿನ ಹಿರಿಮೆ ಎಷ್ಟು ಹಳೆಯದೆಂಬುದು ಇದರಿಂದ ವಿದಿತವಾಗುತ್ತದೆ.

ಕಲ್ಯಾಣದ ಬಳಿಯ ಅಂಬರನಾಥದ ಶಿವಾಲಯದ ವಿಚಾರವಾಗಿ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಆ ದೇವಾಲಯದ ಶಾಸನದ ಕಾಲವನ್ನು ಭಾವು ದಾಜಿಯವರು ಶಕವರ್ಷ 782 ಎಂದು ಓದಿದ್ದರು. ಶಿಷ್ಯರಾದ ಭಗವಾನ್‌ಲಾಲರು ಮತ್ತೆ ಪರೀಕ್ಷಿಸಿ, ಅದು 982, ಅಂದರೆ ಕ್ರಿ. ಶ. 1060 ಎಂದು ತೋರಿಸಿದರು. ಗುರುವಿನ ಮೇಲಣ ಭಕ್ತಿಯು ಬೇರೆ, ಸತ್ಯದ ಮೇಲಣ ನಿಷ್ಠೆಯು ಬೇರೆ ಎಂದು ಅವರು ಎಣಿಸಲಿಲ್ಲ. ಗುರುಗಳು ಕಲಿಸಿದ ವಿದ್ಯೆಯಿಂದಲೇ ಗುರುಗಳ ಓದನ್ನು ತಿದ್ದುವುದೂ ಒಂದು ಗುರುಸೇವೆಯೇ ಸರಿ.

ಆ ಶಾಸನವು ಶಿಲಾಹಾರ ವಂಶದ ಮಾಮ್ವಾಣಿ ರಾಜನ ಕಾಲದ್ದು. ಥಾಣೆಯನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದ ಈ ಅರಸರು ತಾವು ಜೀಮೂತವಾಹನನ ವಂಶದವರೆಂದು ನಂಬಿದ್ದರು. ಗರುಡನಿಗೆ ಆಹಾರವಾಗಬೇಕಿದ್ದ ನಾಗನ ಬದಲಿಗೆ ತನ್ನ ದೇಹವನ್ನೇ ಬಂಡೆಯ ಮೇಲೆ ಒಪ್ಪಿಸಿದ ವಿದ್ಯಾಧರ ರಾಜಕುಮಾರನೇ ಜೀಮೂತವಾಹನ. ಶಿಲಾಹಾರರ ಧ್ವಜದಲ್ಲಿಯೂ ಹೊನ್ನಿನ ಗರುಡನಿದ್ದನು. ಅವರ ತಾಮ್ರಶಾಸನಗಳು ಸಂಸ್ಕೃತದಲ್ಲಿದ್ದರೂ, ಗಂಡರಗಂಡ, ನನ್ನಿಸಮುದ್ರ ಮುಂತಾದ ಅವರ ಬಿರುದುಗಳು ಅಚ್ಚಗನ್ನಡದವು. ನನ್ನಿಯೆಂದರೆ ಸತ್ಯ. ಸಾವಿರ ವರ್ಷಗಳ ಹಿಂದೆ ಥಾಣೆಯ ಅರಮನೆಯಲ್ಲಿ ಕನ್ನಡದ ಸೊಲ್ಲು ಕೇಳಿಬರುತ್ತಿತ್ತೆಂಬುದನ್ನು ನೆನೆದಾಗ ನಮಗೆ ಈ ಊರು ಪರಸ್ಥಳವೆಂದು ತೋರದು.

ಪಂಡಿತರ ಜೀವನದ ಅತ್ಯಂತ ರೋಮಾಂಚಕಾರಿಯಾದ ಘಟನೆ ನಡೆದುದು ಸೋಪಾರದಲ್ಲಿ. ಇಂದಿನ ನಾಲಾಸೋಪಾರ ರೈಲ್ವೆ ನಿಲ್ದಾಣಕ್ಕೆ ಸಮೀಪದಲ್ಲಿರುವ ಈ ಗ್ರಾಮವು ಆಗ ಥಾಣೆ ಜಿಲ್ಲೆಯಲ್ಲಿದ್ದಿತು. 2014ರಿಂದ ಪಾಲ್ಘರ್ ಜಿಲ್ಲೆಗೆ ಸೇರಿದೆ. ಶೂರ್ಪಾರಕವೆಂಬುದು ಇದರ ಪ್ರಾಚೀನ ನಾಮ. ಪರಶುರಾಮನು ಸಮುದ್ರವನ್ನು ಹಿಂದೆ ಸರಿಸಿ ಪಡೆದ ನೆಲವೇ ಶೂರ್ಪಾರಕವೆಂದು ಪುರಾಣವು ಹೇಳುತ್ತದೆ. ಅದೇ ಪರಶುರಾಮನು ಕೊಡಲಿಯೆಸೆದು ಸೃಷ್ಟಿಸಿದ ನಾಡು ನಮ್ಮದೆಂದು ತುಳುನಾಡಿನಿಂದ ಬಂದ ನಮ್ಮ ಹಿರಿಯರೂ ಹೇಳುವುದನ್ನು ನಾವು ಕೇಳಿಲ್ಲವೆ? ಕಡಲಂಚಿನ ಜನರನ್ನೆಲ್ಲ ಒಂದೇ ಕತೆಯು ಹೀಗೆ ಬೆಸೆದಿದೆ. ಕ್ರಿಸ್ತಶಕದ ಮೊದಲ ಶತಮಾನದ ಒಂದು ಗ್ರೀಕ್ ನೌಕಾಗ್ರಂಥದಲ್ಲಿ ಸೋಪಾರ, ಕಲ್ಯಾಣ ಎರಡೂ ಬಂದರುಗಳ ಹೆಸರುಗಳಿವೆ.

ಬೌದ್ಧರ ದಿವ್ಯಾವದಾನ ಗ್ರಂಥದಲ್ಲಿ ಸೋಪಾರದ ಪೂರ್ಣನೆಂಬ ವರ್ತಕನ ಕತೆ ಬರುತ್ತದೆ. ಹಡಗಿನಲ್ಲಿ ಜೊತೆಗಾರರು ಹಾಡುತ್ತಿದ್ದ ಬುದ್ಧವಚನಗಳನ್ನು ಕೇಳಿ ಅವನ ಮನಸ್ಸು ಕರಗಿತು. ಐಶ್ವರ್ಯವನ್ನು ತ್ಯಜಿಸಿ ಅವನು ಬುದ್ಧನ ಶಿಷ್ಯನಾದನು. ಕ್ರೂರಿಗಳೆಂದು ಹೆಸರಾದ ಜನರ ನಡುವೆ ಹೋಗಿ ತಾಳ್ಮೆಯಿಂದಲೇ ಅವರನ್ನು ಗೆದ್ದನು. ಮುಂದೆ ಶ್ರೀಗಂಧದ ಮರದಿಂದ ಸೋಪಾರದಲ್ಲಿ ಒಂದು ಮಂದಿರವನ್ನು ಕಟ್ಟಿಸಿ ಬುದ್ಧನನ್ನು ಬರಮಾಡಿಕೊಂಡನೆಂದು ಕತೆ. ಈ ಕತೆಯನ್ನು ಬಲ್ಲ ಪಂಡಿತರಿಗೆ ಸೋಪಾರದಲ್ಲಿ ಏನಾದರೂ ಕುರುಹು ಉಳಿದಿರಬೇಕೆಂದು ತೋರಿತು.

ಊರ ಬದಿಯಲ್ಲಿ ಒಂದು ದಿಬ್ಬವಿತ್ತು. ಜನರು ಅದನ್ನು ಬುರುಡ ರಾಜನ ಕೋಟೆ ಎನ್ನುತ್ತಿದ್ದರು. ಬುರುಡರೆಂದರೆ ಬುಟ್ಟಿ ಹೆಣೆಯುವ ಮೇದರು. 1882ರ ಏಪ್ರಿಲ್ ತಿಂಗಳಲ್ಲಿ, ಮುಂಬಯಿ ಗ್ಯಾಸೆಟಿಯರಿನ ಸಂಪಾದಕರಾದ ಜೇಮ್ಸ್ ಕ್ಯಾಂಬೆಲ್ ಅವರ ಬೆಂಬಲದಿಂದ ಪಂಡಿತರು ಆ ದಿಬ್ಬವನ್ನು ಅಗೆಯಿಸಿದರು. ಅದು ಕೋಟೆಯಲ್ಲ, ಇಟ್ಟಿಗೆಯಿಂದ ಕಟ್ಟಿದ ಬೌದ್ಧ ಸ್ತೂಪ. ನಟ್ಟನಡುವೆ ದುಂಡನೆಯ ಕಲ್ಲಿನ ಪೆಟ್ಟಿಗೆಯೊಂದು ದೊರಕಿತು. ಮುಚ್ಚಳವನ್ನು ಎತ್ತಿದಾಗ ಕಂಡುದೇನು? ನಡುವೆ ತಾಮ್ರದ ಕರಡಿಗೆ. ಅದರ ಸುತ್ತ ಎಂಟು ಪುಟ್ಟ ವಿಗ್ರಹಗಳು. ತಾಮ್ರದ ಕರಡಿಗೆಯೊಳಗೆ ಬೆಳ್ಳಿಯದು, ಬೆಳ್ಳಿಯದರೊಳಗೆ ಕಲ್ಲಿನದು, ಅದರೊಳಗೆ ಸ್ಫಟಿಕದ್ದು, ಸ್ಫಟಿಕದೊಳಗೆ ಚಿನ್ನದ್ದು! ಚಿನ್ನದ ಕರಡಿಗೆಯೊಳಗೆ ಯಾವ ರತ್ನವಿದ್ದೀತೆಂದು ಯಾರಾದರೂ ಕುತೂಹಲಗೊಳ್ಳುವುದು ಸಹಜ. ಅಲ್ಲಿದ್ದುದು ಚಿನ್ನದ ಹೂಗಳ ನಡುವೆ ಹದಿಮೂರು ಮಣ್ಣಿನ ಬೋಕಿಚೂರುಗಳು.

ಇವು ಬುದ್ಧನ ಭಿಕ್ಷಾಪಾತ್ರೆಯ ಚೂರುಗಳೆಂದು ಪಂಡಿತರು ತರ್ಕಿಸಿದರು. ಇದರ ಅರ್ಥವನ್ನು ನಾವು ಸ್ವಲ್ಪ ಯೋಚಿಸಬೇಕು. ಪ್ರಾಚೀನರು ಐದು ಕರಡಿಗೆಗಳಲ್ಲಿ ಭದ್ರಪಡಿಸಿದ ವಸ್ತುವಿಗೆ ಅಂಗಡಿಯಲ್ಲಿ ಕಾಸೂ ಬೆಲೆಯಿಲ್ಲ. ಅವರ ಕಣ್ಣಿಗೆ ಚಿನ್ನವು ಹೊದಿಕೆ ಮಾತ್ರ. ಒಳಗಿನ ಮಣ್ಣೇ ನಿಜವಾದ ಐಶ್ವರ್ಯ. ತ್ಯಾಗಿಯ ಪಾತ್ರೆಯ ಚೂರನ್ನು ರಾಜರ ಚಿನ್ನವು ಹೊತ್ತು ನಿಂತಿತ್ತು.

ಎಂಟು ವಿಗ್ರಹಗಳಲ್ಲಿ ಏಳು ಹಿಂದೆ ಅವತರಿಸಿದ ಬುದ್ಧರವು. ಎಂಟನೆಯದು ಮುಂದೆ ಬರಲಿರುವ ಮೈತ್ರೇಯನದು. ಗೌತಮನಿಗಿಂತ ಮುಂಚೆಯೂ ಬುದ್ಧರಿದ್ದರೆಂದೂ, ಒಬ್ಬೊಬ್ಬರಿಗೆ ಒಂದೊಂದು ಮರದಡಿಯಲ್ಲಿ ಜ್ಞಾನೋದಯವಾಯಿತೆಂದೂ ಬೌದ್ಧರ ನಂಬಿಕೆ. ಕನಕಮುನಿಗೆ ಅತ್ತಿಯ ಮರ, ಕಾಶ್ಯಪನಿಗೆ ಆಲ, ಗೌತಮನಿಗೆ ಅರಳಿ. ಜೊತೆಗೆ ಶಾತವಾಹನ ದೊರೆ ಯಜ್ಞಶ್ರೀ ಸಾತಕರ್ಣಿಯ ಬೆಳ್ಳಿಯ ನಾಣ್ಯವೊಂದು ದೊರಕಿತು. ನಾಣ್ಯವು ಕ್ರಿ. ಶ. ಎರಡನೆಯ ಶತಮಾನದ್ದು, ವಿಗ್ರಹಗಳು ಎಂಟು ಒಂಬತ್ತನೆಯ ಶತಮಾನದವೆಂದು ಈಗಿನ ವಿದ್ವಾಂಸರು ನಿರ್ಣಯಿಸಿದ್ದಾರೆ. ಅಂದರೆ ಒಮ್ಮೆ ಮುಚ್ಚಿಟ್ಟ ನಿಧಿಯನ್ನು ಶತಮಾನಗಳ ತರುವಾಯ ಭಕ್ತರು ತೆರೆದು, ತಮ್ಮ ಕಾಲದ ಕಾಣಿಕೆಯನ್ನೂ ಅದರೊಡನೆ ಇರಿಸಿದರೆಂದು ತಿಳಿಯಬೇಕು.

ಅದೇ ವರ್ಷ ಸೋಪಾರದ ಭಾತೇಳಾ ಕೊಳದ ಹತ್ತಿರ ಒಡೆದ ಕಲ್ಲೊಂದು ಪಂಡಿತರಿಗೆ ದೊರಕಿತು. ಅದರ ಮೇಲಿದ್ದುದು ಅಶೋಕನ ಎಂಟನೆಯ ಧರ್ಮಲಿಪಿಯ ಭಾಗ. ಬೇಟೆಯ ವಿಹಾರಯಾತ್ರೆಗಳನ್ನು ಬಿಟ್ಟು ಧರ್ಮಯಾತ್ರೆಯನ್ನು ಕೈಗೊಂಡ ಸಂಗತಿಯನ್ನು ಚಕ್ರವರ್ತಿಯು ಅದರಲ್ಲಿ ಸಾರಿದ್ದಾನೆ. ಇದೇ ಲಿಪಿಯು ಗಿರ್ನಾರಿನ ಬಂಡೆಯ ಮೇಲೂ ಇದೆ. ಎಳೆಯ ವಯಸ್ಸಿನಲ್ಲಿ ಬಂಡೆಯ ಮುಂದೆ ಕುಳಿತು ಕಲಿತ ಪಾಠವು ನಲವತ್ತೆರಡನೆಯ ವಯಸ್ಸಿನಲ್ಲಿ ಹೀಗೆ ಫಲಿಸಿತು! 1956ರಲ್ಲಿ ಸಮೀಪದ ಭುಯಿಗಾಂವದಲ್ಲಿ ಒಂಬತ್ತನೆಯ ಧರ್ಮಲಿಪಿಯ ಚೂರೂ ದೊರಕಿತು.

ಒಂದು ನಂಬಿಕೆಯ ನೆಲೆಯಲ್ಲಿ ಇನ್ನೊಂದು ನಂಬಿಕೆಯು ನೆಲೆಸುವುದನ್ನು ಪಂಡಿತರು ಇದಕ್ಕೂ ಮೊದಲೇ, 1869ರಲ್ಲಿ, ಮಥುರೆಯಲ್ಲಿ ಕಂಡಿದ್ದರು. ಸಿಡುಬಿನ ದೇವಿಯಾದ ಶೀತಲೆಯ ಕಟ್ಟೆಯ ಮೆಟ್ಟಿಲಿನಲ್ಲಿ ಸೇರಿಹೋಗಿದ್ದ ಸಿಂಹಶಿಲ್ಪವೊಂದನ್ನು ಅವರು ಗುರುತಿಸಿದರು. ಅದರ ಮೇಲೆ ಬೌದ್ಧ ಸ್ತೂಪದ ಸ್ಥಾಪನೆಯನ್ನು ಹೇಳುವ ಖರೋಷ್ಠೀ ಲಿಪಿಯ ಶಾಸನವಿತ್ತು. ನೂರು ವರ್ಷಗಳ ಮೇಲೆ ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ ನಡೆದುದೂ ಇಂಥದೇ. 1980ರ ದಶಕದಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾಗುಡಿಯಲ್ಲಿ, ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂದಿತು. ದೇವಿಯನ್ನು ಪೂಜಿಸಿದ ಭಕ್ತರೇ ಅರಿಯದೆ ಆ ಶಾಸನವನ್ನು ಕಾಪಾಡಿದ್ದರು.

ಪಂಡಿತರ ಕೀರ್ತಿ ದೇಶಾಂತರಗಳಿಗೆ ಹಬ್ಬಿತು. 1884ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ನೀಡಿತು. ಆದರೆ ಬಹುಕಾಲ ಬಾಳುವ ಭಾಗ್ಯ ಅವರಿಗಿರಲಿಲ್ಲ. 1888ರ ಮಾರ್ಚ್ 16ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ, ಮುಂಬಯಿಯ ವಾಲ್ಕೇಶ್ವರದಲ್ಲಿ ಅವರು ಕೊನೆಯುಸಿರೆಳೆದರು. ಮಥುರೆಯ ಸಿಂಹಶಿಲ್ಪವನ್ನೂ ತಾವು ಕೂಡಿಸಿದ ನಾಣ್ಯಗಳನ್ನೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಿಟ್ಟುಹೋದರು. ಅರ್ಧಕ್ಕೆ ನಿಂತಿದ್ದ ಗುಜರಾತಿನ ಪ್ರಾಚೀನ ಇತಿಹಾಸವನ್ನು ಜಾಕ್ಸನ್ ಎಂಬವರು ಪೂರ್ಣಗೊಳಿಸಿ 1896ರಲ್ಲಿ ಪ್ರಕಟಿಸಿದರು. ಸೋಪಾರದ ಕರಡಿಗೆಗಳು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ವಶದಲ್ಲಿವೆ. ಅಶೋಕನ ಶಿಲೆಯು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿದೆ.

ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಭಗವಾನ್‌ಲಾಲರು ಬೌದ್ಧರ ಸ್ತೂಪವನ್ನು, ಜೈನರ ಗುಹೆಯನ್ನು, ಶಿವನ ಗುಡಿಯನ್ನು, ಶೀತಲೆಯ ಕಟ್ಟೆಯನ್ನು ಸಮಾನವಾದ ಶ್ರದ್ಧೆಯಿಂದ ಪರಿಶೀಲಿಸಿದರು. ಅನ್ಯರ ದೇವರನ್ನು ಅರಿಯಬೇಕಾದರೆ ಮೊದಲು ಅವರ ಬರಹವನ್ನು ಓದಬೇಕು. ಓದುವುದಕ್ಕೆ ತಾಳ್ಮೆ ಬೇಕು. ಆ ತಾಳ್ಮೆಯೇ ಅವರ ದೊಡ್ಡ ಸಂಪತ್ತು. ಇಂಗ್ಲಿಷ್ ಶಾಲೆಯವರ ಮುಂದೆ ನಮ್ಮ ಕನ್ನಡ ಶಾಲೆಯ ಹೆಸರನ್ನು ಹೇಳಲು ನಮ್ಮಲ್ಲಿ ಯಾರಾದರೂ ಅಳುಕುವುದಾದರೆ, ಜುನಾಗಢದ ಈ ಬಾಲಕನನ್ನು ನೆನೆಯಬೇಕು. ಇತರ ಭಾಷೆಗಳನ್ನು ನಾವು ಅವಶ್ಯವಾಗಿ ಕಲಿಯೋಣ. ಆದರೆ ತಾಯ್ನುಡಿಯಲ್ಲಿ ಮಾಡಿದ ಆಲೋಚನೆಯು ಕೀಳೆಂದು ಎಂದಿಗೂ ಭಾವಿಸದಿರೋಣ. ಬಿಡುವಿನ ದಿನದಲ್ಲಿ ಅಂಬರನಾಥಕ್ಕೋ, ಕಾನ್ಹೇರಿಗೋ, ಸೋಪಾರಕ್ಕೋ ಹೋದಾಗ ಅಲ್ಲಿಯ ಕಲ್ಲಿನ ಮೇಲೆ ನಮ್ಮ ಹೆಸರನ್ನು ಗೀಚದೆ, ಅಲ್ಲಿ ಮೊದಲೇ ಬರೆದಿರುವ ಹೆಸರುಗಳನ್ನು ಓದಲು ಯತ್ನಿಸೋಣ. ಪಂಡಿತ ಭಗವಾನ್‌ಲಾಲರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ ಇದೇ.